ಮಠದ ಮೇಲೆ ಅಪವಾದ: ಮೊದಲು ಕೀರ್ದಿ, ಆಮೇಲೆ ಕೋರ್ಟು

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆ ಬೀಳಗಿ ತಾಲ್ಲೂಕಿನ ಹಳ್ಳಿಯೊಂದರ ನಿವೃತ್ತ ಶಿಕ್ಷಕ, ನಮ್ಮೂರ ಮಠದ ಕಮಿಟಿಯ ಸದಸ್ಯ. ನಮ್ಮ ಅಜ್ಜನವರಿಗೆ, ಅಂದರೆ ಮಠದ ಸ್ವಾಮಿಗಳಿಗೆ, ಎಪ್ಪತ್ತು ದಾಟಿದೆ. ಊರಿನ ಎಷ್ಟೋ ಮಂದಿಯ ಕುಡಿತ ಬಿಡಿಸಿದವರು, ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಿರೆಂದು ಮನೆ ಮನೆ ತಿರುಗಿದವರು. ಎರಡು ತಿಂಗಳಿಂದ ಪಕ್ಕದ ಊರಿನ ಯುವಕನೊಬ್ಬ ವಿಡಿಯೊ ಮಾಡಿ ಮೊಬೈಲುಗಳಿಗೆ ಹರಿಬಿಡುತ್ತಿದ್ದಾನೆ. ಹಿನ್ನೀರಿಗೆ ಹೋದ ಮಠದ ಹೊಲದ ಪರಿಹಾರವನ್ನು ಅಜ್ಜನವರು ತಮ್ಮನ ಮಗನ ಹೆಸರಿಗೆ ಮಾಡಿಕೊಟ್ಟರಂತೆ, ಜಾತ್ರೆಗೆ ಊರಿನವರು ಕೊಟ್ಟ ಪಟ್ಟಿ (ಚಂದಾ) ಹಣಕ್ಕೆ ಲೆಕ್ಕವೇ ಇಲ್ಲವಂತೆ. ‘ದಾಖಲೆ ನನ್ನ ಹತ್ತಿರ ಇದೆ, ಸಮಯ ಬಂದಾಗ ಬಿಡುತ್ತೇನೆ’ ಎನ್ನುತ್ತಾನೆ. ಇದುವರೆಗೆ ಒಂದು ಹಾಳೆಯನ್ನೂ ತೋರಿಸಿಲ್ಲ. ಎಲ್ಲವೂ ಆಧಾರವಿಲ್ಲದ ಮಾತು. ಹುಡುಗರು ಕುದಿಯುತ್ತಿದ್ದಾರೆ. ಒಬ್ಬರು ಎಫ್‌ಐಆರ್ ಹಾಕಿಸೋಣ ಎನ್ನುತ್ತಾರೆ, ಒಬ್ಬರು ತಾಲ್ಲೂಕು ಬಂದ್ ಎನ್ನುತ್ತಾರೆ, ಕೆಲವರು ಅವನ ಮನೆಗೇ ಹೋಗೋಣ ಎನ್ನುತ್ತಾರೆ. ಅಜ್ಜನವರು ಮಾತ್ರ ‘ಬಿಡ್ರಿ’ ಎಂದು ನಕ್ಕು ಸುಮ್ಮನಾಗುತ್ತಾರೆ. ಭಕ್ತರಾದ ನಾವು ಏನು ಮಾಡಬೇಕು?

ಉತ್ತರ: ಮಾಸ್ತರರೇ, ಹುಡುಗರ ಮೂರು ಸಲಹೆಗಳಲ್ಲಿ ಕೊನೆಯದನ್ನು ಇವತ್ತೇ ನಿಲ್ಲಿಸಿ. ಮನೆಗೆ ಹೋಗುವುದೆಂದರೆ ಇಬ್ಬರು ಹೋಗುವುದಿಲ್ಲ, ಎರಡು ಟ್ರ್ಯಾಕ್ಟರ್ ತುಂಬ ಹೋಗುತ್ತಾರೆ. ಬಾಗಿಲ ಮುಂದೆ ಐದು ಅಥವಾ ಅದಕ್ಕಿಂತ ಹೆಚ್ಚು ಜನ ನಿಂತು ಹೆದರಿಸಿದರೆ ಅಕ್ರಮ ಕೂಟ, ದಾರಿಗೆ ಅಡ್ಡ ನಿಂತರೆ ಅಕ್ರಮ ತಡೆ, ಬೈದು ಬೆದರಿಸಿದರೆ ಕ್ರಿಮಿನಲ್ ಬೆದರಿಕೆ. ಅಜ್ಜನವರ ಮೇಲೆ ಇಂದಿಗೆ ಒಂದೂ ಪ್ರಕರಣವಿಲ್ಲ. ಆ ಸಂಜೆ ಮುಗಿಯುವ ಹೊತ್ತಿಗೆ ಮಠದ ಹೆಸರಿನಲ್ಲಿ ಒಂದು ಪ್ರಕರಣ ಇರುತ್ತದೆ. ಅದಕ್ಕೆ ಸಾಕ್ಷಿ ಹುಡುಕುವ ಕಷ್ಟವೂ ಪೊಲೀಸರಿಗೆ ಇರುವುದಿಲ್ಲ, ನಿಮ್ಮ ಹುಡುಗರೇ ವಿಡಿಯೊ ಮಾಡಿಕೊಟ್ಟಿರುತ್ತಾರೆ. ಆಮೇಲೆ ಪರಿಹಾರದ ಹಣದ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ‘ಕೇಳಿದ್ದಕ್ಕೆ ಹೊಡೆಯಲು ಬಂದರು’ ಎಂಬ ಮಾತೊಂದೇ ಉಳಿಯುತ್ತದೆ. ಬಂದ್ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ವಿಡಿಯೊ ನೋಡದವರಿಗೂ ಅದನ್ನು ನೀವೇ ತೋರಿಸಿದಂತಾಗುತ್ತದೆ, ಅಷ್ಟೇ.

ಇನ್ನು ನಿಮ್ಮ ಪತ್ರಕ್ಕೆ ಬರುತ್ತೇನೆ. ಎಲ್ಲವೂ ಆಧಾರವಿಲ್ಲದ ಮಾತು ಎಂದು ಬರೆದಿದ್ದೀರಿ. ಆ ಯುವಕ ಆಧಾರ ತೋರಿಸಿಲ್ಲ ಎಂಬುದು ನಿಜ, ಅದು ಅವನ ದೊಡ್ಡ ಕೊರತೆ. ಹೇಳಿದವನೇ ಸಾಬೀತು ಮಾಡಬೇಕು. ‘ನೀವು ಕದ್ದಿಲ್ಲವೆಂದು ತೋರಿಸಿ’ ಎಂದು ಕೇಳುವ ಹಕ್ಕು ಬೀದಿಯಲ್ಲಿ ಯಾರಿಗೂ ಇಲ್ಲ. ಆದರೆ ಕಮಿಟಿಯ ಸದಸ್ಯರಾದ ನೀವು ಕೀರ್ದಿ (ದಿನದ ಜಮಾ–ಖರ್ಚಿನ) ಪುಸ್ತಕ ತೆರೆದು ನೋಡಿದೆ ಎಂದು ಪತ್ರದಲ್ಲಿ ಎಲ್ಲಿಯೂ ಬರೆದಿಲ್ಲ. ಕುಡಿತ ಬಿಡಿಸಿದ್ದು, ಶಾಲೆಗಾಗಿ ತಿರುಗಿದ್ದು ಎಲ್ಲವೂ ಗೌರವದ ಸಂಗತಿಗಳೇ. ಆದರೆ ಹೊಲದ ಪರಿಹಾರ ಯಾರ ಖಾತೆಗೆ ಜಮಾ ಆಯಿತು ಎಂಬ ಪ್ರಶ್ನೆಗೆ ಅವು ಉತ್ತರವಲ್ಲ. ಗುರುವಿನ ಪರವಾಗಿ ನಿಲ್ಲುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಕೇಳಿದ ಪ್ರಶ್ನೆ ಒಂದಾದರೆ ಕೊಟ್ಟ ಉತ್ತರ ಇನ್ನೊಂದಾಗಿರುತ್ತದೆ, ಕೇಳುವ ಜನಕ್ಕೆ ಅದು ತಕ್ಷಣ ಗೊತ್ತಾಗುತ್ತದೆ.

ಒಳ್ಳೆಯ ಸುದ್ದಿಯೆಂದರೆ, ನಿಮ್ಮ ಅಜ್ಜನವರ ಮೇಲಿನ ಮೊದಲ ಆರೋಪ ಬಹಳ ಸುಲಭವಾಗಿ ಪರೀಕ್ಷೆಗೆ ಸಿಗುವಂಥದ್ದು. ಕೃಷ್ಣಾ ಮೇಲ್ದಂಡೆ ಯೋಜನೆಗೆ ಜಮೀನು ಹೋದಾಗ ವಿಶೇಷ ಭೂಸ್ವಾಧೀನಾಧಿಕಾರಿಗಳು ಐತೀರ್ಪು ಹೊರಡಿಸುತ್ತಾರೆ. ಸರ್ವೆ ನಂಬರ್, ಎಕರೆ–ಗುಂಟೆ, ಹಕ್ಕುದಾರರ ಹೆಸರು, ಮೊತ್ತ ಎಲ್ಲವೂ ಅದರಲ್ಲಿ ಇರುತ್ತವೆ. ಪರಿಹಾರ ಹೆಚ್ಚಿಸಬೇಕೆಂದು ಮಠ ಕೋರ್ಟಿಗೆ ಹೋಗಿದ್ದರೆ ಆ ತೀರ್ಪೂ ಇರುತ್ತದೆ. ಐತೀರ್ಪಿನ ದೃಢೀಕೃತ ನಕಲು ತೆಗೆಸಿ. ಆ ವರ್ಷದ ಮಠದ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಅದೇ ಮೊತ್ತ ಜಮಾ ಆಗಿದೆಯೇ ನೋಡಿ. ಹಳೆಯ ಉತಾರ (ಪಹಣಿ), ಹಕ್ಕು ಬದಲಾವಣೆ ದಾಖಲೆ, ಉಪನೋಂದಣಿ ಕಚೇರಿಯ ಋಣಭಾರ ಪತ್ರ, ಇವು ಮೂರನ್ನೂ ಜೊತೆಗಿಡಿ. ಹೊಲ ಮೊದಲಿಂದಲೂ ಯಾರ ಹೆಸರಿನಲ್ಲಿತ್ತು ಎಂಬುದನ್ನು ವಿಶೇಷವಾಗಿ ಗಮನಿಸಿ. ನಮ್ಮ ಭಾಗದ ಎಷ್ಟೋ ಮಠಗಳ ಜಮೀನು ಮಠದ ಹೆಸರಿನಲ್ಲಿ ಇರುವುದಿಲ್ಲ. ಹಿಂದಿನ ಸ್ವಾಮಿಗಳ ಪೂರ್ವಾಶ್ರಮದ ಹೆಸರಿನಲ್ಲೋ, ಉಳುಮೆ ಮಾಡುತ್ತಿದ್ದ ಮನೆತನದ ಹೆಸರಿನಲ್ಲೋ ಇರುತ್ತದೆ. ಯಾರ ಕಪಟವೂ ಇಲ್ಲದೆ ಇಂಥ ಗೊಂದಲ ಹುಟ್ಟುತ್ತದೆ, ಕಪಟವನ್ನು ಮುಚ್ಚಿಡಲೂ ಇಂಥದೇ ಗೊಂದಲ ಅನುಕೂಲವಾಗುತ್ತದೆ. ಯಾವುದೆಂದು ಕಾಗದ ಹೇಳಲಿ.

ಆಲಮಟ್ಟಿ ಅಣೆಕಟ್ಟೆಯ ಎತ್ತರವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ನಡೆದಿರುವಾಗ ಬೀಳಗಿ, ಬಾಗಲಕೋಟೆ ಕಡೆ ಪರಿಹಾರವೆಂಬ ಮಾತಿಗೆ ಎಷ್ಟು ಕಿವಿ ನಿಮಿರುತ್ತವೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆ ಯುವಕ ಆಯ್ದುಕೊಂಡ ವಿಷಯ ಸುಮ್ಮನೆ ಬಂದದ್ದಲ್ಲ.

ಎರಡನೆಯದು ಜಾತ್ರೆಯ ಪಟ್ಟಿ. ಇದು ಮೊದಲಿನಷ್ಟು ಸಲೀಸಲ್ಲ. ಪಾವತಿ (ರಸೀದಿ) ಪುಸ್ತಕಗಳು ಎಷ್ಟು ಮುದ್ರಣವಾದವು, ಯಾರ ಯಾರ ಕೈಗೆ ಯಾವ ನಂಬರಿನಿಂದ ಯಾವ ನಂಬರಿನವರೆಗೆ ಕೊಟ್ಟಿರಿ, ಎಷ್ಟು ಹಿಂದಿರುಗಿ ಬಂದವು? ಅರ್ಧ ಹರಿದ ಪುಸ್ತಕ ಯಾರದೋ ಮನೆಯ ಮಾಡದಲ್ಲಿ ಉಳಿದಿದ್ದರೆ ಅದನ್ನು ತರಿಸಿ. ಹರಿದು ಕೊಟ್ಟ ಪಾವತಿಯ ಮೊತ್ತಕ್ಕೂ ಪುಸ್ತಕದಲ್ಲಿ ಉಳಿದ ಮೂಲಪ್ರತಿಯ ಮೊತ್ತಕ್ಕೂ ತಾಳೆ ನೋಡಿ. ದಾಸೋಹಕ್ಕೆ ಬಂದ ಜೋಳ, ಗೋಧಿ, ಬೆಲ್ಲಕ್ಕೆ ಪಾವತಿ ಕೊಡುವ ರೂಢಿ ಹೆಚ್ಚಿನ ಕಡೆ ಇಲ್ಲ. ಚೀಲ ಇಳಿಸಿ, ಕೈಮುಗಿದು, ಭಸ್ಮ ಹಚ್ಚಿಸಿಕೊಂಡು ಹೋಗುತ್ತಾರೆ. ಜಾತ್ರೆ ಮುಗಿದ ಮೇಲೆ ಉಳಿದ ಜೋಳವನ್ನು ಅಡತಿ ಅಂಗಡಿಗೆ ಹಾಕಿದ್ದರೆ ಅಲ್ಲಿ ಮಾರಾಟದ ಚೀಟಿ ಇರುತ್ತದೆ, ಅದನ್ನು ತೆಗೆಸಿ. ಈ ಲೆಕ್ಕದಲ್ಲಿ ತಪ್ಪು ಸಿಕ್ಕರೆ ಅದು ಹೆಚ್ಚಾಗಿ ಕಮಿಟಿಯವರ ತಪ್ಪಾಗಿರುತ್ತದೆ, ಅಜ್ಜನವರದಲ್ಲ. ಹಾಗಿದ್ದರೆ ಅದನ್ನು ಕಮಿಟಿಯೇ ಹೊರಬೇಕು. ಗುರುವಿನ ಹೆಸರಿನ ಹಿಂದೆ ಅಡಗಿಕೊಳ್ಳುವ ಕಮಿಟಿಗಳನ್ನು ಬೆಳಗಾವಿಯಲ್ಲೂ ನೋಡಿದ್ದೇನೆ, ವಿಜಯಪುರದಲ್ಲೂ ನೋಡಿದ್ದೇನೆ.

‘ಮುಜರಾಯಿ ಇಲಾಖೆಯವರು ನಮ್ಮನ್ನು ಏನೂ ಕೇಳಿಲ್ಲ’ ಎಂಬ ಸಮಾಧಾನವೂ ಬೇಡ. 1997ರ ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳ ಹಾಗೂ ಧರ್ಮಾದಾಯ ದತ್ತಿಗಳ ಅಧಿನಿಯಮ ಮಠಗಳನ್ನು ಹೊರಗಿಟ್ಟಿದೆ, ಆದ್ದರಿಂದ ಅವರು ಕೇಳುವುದಿಲ್ಲ. ಮಠದ ಟ್ರಸ್ಟ್ ನೋಂದಣಿಯಾಗಿ ಆದಾಯ ತೆರಿಗೆ ವಿನಾಯಿತಿ ಪಡೆದಿದ್ದರೆ ಲೆಕ್ಕಪರಿಶೋಧಕರ ವರದಿ ಇರಬೇಕು, ಅದನ್ನು ತೆಗೆಯಿರಿ. ಇಲ್ಲದಿದ್ದರೆ ಮೂರು ವರ್ಷದ ಲೆಕ್ಕವನ್ನಾದರೂ ಹೊರಗಿನ ಒಬ್ಬ ಚಾರ್ಟರ್ಡ್ ಅಕೌಂಟೆಂಟರಿಂದ ಪರಿಶೀಲನೆ ಮಾಡಿಸಿ. ಊರಿನವರು ಬೇಡ, ಭಕ್ತರಂತೂ ಬೇಡ.

ಅಜ್ಜನವರ ‘ಬಿಡ್ರಿ’ಗೆ ನನ್ನ ನಮಸ್ಕಾರ. ವೈಯಕ್ತಿಕ ನಿಂದೆಯನ್ನು ಸಹಿಸಿಕೊಳ್ಳುವ ಸ್ವಾತಂತ್ರ್ಯ ಅವರಿಗೆ ಇದೆ. ಹಣದ ವಿಷಯದಲ್ಲಿ ಹಾಗೆ ಬಿಡುವ ಅಧಿಕಾರ ಮಾತ್ರ ಅವರಿಗೂ ಇಲ್ಲ, ಏಕೆಂದರೆ ಅದು ಅವರ ಹಣವಲ್ಲ, ಪಟ್ಟಿ ಕೊಟ್ಟ ಊರಿನದು. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಜೇಬೇ ಇಲ್ಲದ ಅಂಗಿ ತೊಡುತ್ತಿದ್ದರು, 2018ರಲ್ಲಿ ಪದ್ಮಶ್ರೀಯನ್ನೂ ವಿನಯದಿಂದ ಬೇಡವೆಂದರು. ಅಂಥವರಿಗೆ ಲೆಕ್ಕ ಕೇಳುವ ಪ್ರಸಂಗವೇ ಬರುವುದಿಲ್ಲ. ಹೊಲ, ಜಾತ್ರೆ, ದಾಸೋಹ, ಶಾಲೆ ಎಲ್ಲವನ್ನೂ ನಡೆಸುವ ಮಠಕ್ಕೆ ಜೇಬು ಇದ್ದೇ ಇರುತ್ತದೆ. ಅದರೊಳಗೆ ಏನಿದೆ ಎಂದು ತೋರಿಸಿದರೆ ಮಾನ ಹೋಗುವುದಿಲ್ಲ. ಬಿಜ್ಜಳನ ಭಂಡಾರವನ್ನು ಬಸವಣ್ಣ ಜಂಗಮರಿಗೆ ಸುರಿಯುತ್ತಿದ್ದಾನೆ ಎಂದು ಕೊಂಡೆ ಹೇಳಿದವರ ಕಥೆಯನ್ನು ಶ್ರಾವಣದ ಪುರಾಣದಲ್ಲಿ ನೀವು ಎಷ್ಟೋ ಸಲ ಕೇಳಿದ್ದೀರಿ. ಆ ಕಥೆಯಲ್ಲಿ ಕೊಂಡೆಗಾರನ ಮನೆಗೆ ಶರಣರು ನುಗ್ಗುವುದಿಲ್ಲ. ಭಂಡಾರದ ಬಾಗಿಲು ತೆರೆದು ಎಣಿಸುತ್ತಾರೆ.

ಈಗ ಎಫ್‌ಐಆರ್ ವಿಷಯ. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿದೆ; 2024ರ ಜುಲೈ 1ಕ್ಕೆ ಮೊದಲು ಇದು ದಂಡ ಸಂಹಿತೆಯ 499 ಮತ್ತು 500ರಲ್ಲಿತ್ತು. ಎರಡು ವರ್ಷದವರೆಗೆ ಸಾದಾ ಸಜೆ, ದಂಡ, ಅಥವಾ ಸಮುದಾಯ ಸೇವೆ. ಇದು ಅಸಂಜ್ಞೇಯ ಅಪರಾಧ, ಅಂದರೆ ಠಾಣೆಯಲ್ಲಿ ಕುಳಿತು ಎಷ್ಟೇ ಒತ್ತಾಯಿಸಿದರೂ ಪಿಎಸ್‌ಐ ಸಾಹೇಬರು ತಾವಾಗಿ ಎಫ್‌ಐಆರ್ ಹಾಕುವಂತಿಲ್ಲ. ಶಾಸಕರಿಂದ ಫೋನ್ ಮಾಡಿಸಿದರೆ ಹಾಕಬಹುದೇನೋ, ಧಾರವಾಡ ಪೀಠದಲ್ಲಿ ಅದು ನಿಲ್ಲುವುದಿಲ್ಲ. ಸರಿಯಾದ ದಾರಿ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ನ್ಯಾಯಾಲಯದಲ್ಲಿ ಖಾಸಗಿ ದೂರು. ಅದನ್ನು ಕೊಡಬೇಕಾದವರು ಭಕ್ತರಲ್ಲ, ನೊಂದ ವ್ಯಕ್ತಿ. ನಾಗರಿಕ ಸುರಕ್ಷಾ ಸಂಹಿತೆಯ 222ನೇ ಕಲಂ ಹಾಗೆನ್ನುತ್ತದೆ. ‘ನಮ್ಮ ಗುರುವಿಗೆ ಅಂದದ್ದು ನಮಗೇ ಅಂದಂತೆ’ ಎಂಬುದು ಭಕ್ತಿಯ ಮಾತಾಗಿ ಸರಿ, ದೂರಿಗೆ ಸಾಲದು. ಗುಂಪಿನ ಮಾನಹಾನಿಯಾಗಬೇಕಾದರೆ ಅದು ಇಂಥವರದೇ ಎಂದು ಗುರುತಿಸಬಲ್ಲ ನಿರ್ದಿಷ್ಟ ಗುಂಪಾಗಿರಬೇಕೆಂದು ಸರ್ವೋಚ್ಚ ನ್ಯಾಯಾಲಯ 1972ರಲ್ಲಿಯೇ ಹೇಳಿದೆ. ಭಕ್ತಸಮೂಹ ಅಂಥದ್ದಲ್ಲ. ಕಮಿಟಿ ಅಂಥದ್ದು: ಪಟ್ಟಿ ಹಣ ತಿಂದರೆಂದು ಕಮಿಟಿಯ ಮೇಲೆಯೇ ಹೇಳಿದ್ದರೆ ಕಮಿಟಿ ದೂರು ಕೊಡಬಹುದು. ಅಜ್ಜನವರು ಕಾಯಿಲೆಯಿಂದ ಓಡಾಡಲಾರದವರಾಗಿದ್ದರೆ ನ್ಯಾಯಾಲಯದ ಅನುಮತಿ ಪಡೆದು ಅವರ ಪರವಾಗಿ ಇನ್ನೊಬ್ಬರು ಕೊಡಬಹುದು. ‘ಬಿಡ್ರಿ’ ಎಂದು ನಗುವವರ ಪರವಾಗಿ ಯಾರೂ ಕೊಡುವಂತಿಲ್ಲ.

ಅಜ್ಜನವರು ಒಪ್ಪಿದರು ಎಂದೇ ಇಟ್ಟುಕೊಳ್ಳಿ. ಅವರು ನ್ಯಾಯಾಲಯಕ್ಕೆ ಬಂದು ಪ್ರಮಾಣ ಮಾಡಿ ಹೇಳಿಕೆ ಕೊಡಬೇಕು. ಈಗಿನ ಕಾನೂನಿನಲ್ಲಿ ದೂರನ್ನು ಪರಿಗಣನೆಗೆ ತೆಗೆದುಕೊಳ್ಳುವ ಮೊದಲೇ ಆ ಯುವಕನ ಮಾತನ್ನೂ ಕೇಳಬೇಕಾಗುತ್ತದೆ. ಮುಂದೆ ಪಾಟೀ ಸವಾಲು. ಎದುರು ವಕೀಲರು ವಿನಯದಿಂದಲೇ ಶುರು ಮಾಡುತ್ತಾರೆ. ಸ್ವಾಮಿಗಳೇ, ನಿಮ್ಮ ಪೂರ್ವಾಶ್ರಮದ ತಮ್ಮನಿಗೆ ಎಷ್ಟು ಮಕ್ಕಳು? ದೊಡ್ಡವನು ಮನೆ ಕಟ್ಟಿಸಿದ್ದು ಯಾವ ವರ್ಷ? ಪರಿಹಾರ ಬಂದದ್ದು ಯಾವ ವರ್ಷ? ಮಠದ ಬ್ಯಾಂಕ್ ಖಾತೆಗೆ ಸಹಿ ಯಾರದು? ನೆನಪಿಲ್ಲವೇ, ನೆನಪು ಮಾಡಿಕೊಂಡು ಹೇಳಿ. ಎಪ್ಪತ್ತು ದಾಟಿದವರನ್ನು ತುಂಬಿದ ಕೋರ್ಟಿನಲ್ಲಿ ಹೀಗೆ ನಿಲ್ಲಿಸುವ ಮನಸ್ಸಿದ್ದರೆ ಮಾತ್ರ ದೂರು ಕೊಡಿಸಿ. ಈ ಪ್ರಶ್ನೆಗಳಿಗೆ ಕಾಗದದಲ್ಲಿ ಉತ್ತರವಿದ್ದರೆ ಹೆದರಬೇಕಿಲ್ಲ. ಇಲ್ಲದಿದ್ದರೆ ವಿಡಿಯೊಗಿಂತ ಹೆಚ್ಚಿನ ಹಾನಿಯನ್ನು ಈ ಮೊಕದ್ದಮೆಯೇ ಮಾಡುತ್ತದೆ.

ಆ ಯುವಕನ ಬಳಿ ಏನು ರಕ್ಷಣೆ ಇದೆ ಎಂದೂ ತಿಳಿದಿರಲಿ. ಹೇಳಿದ್ದು ನಿಜವಾಗಿದ್ದು, ಅದನ್ನು ಹೇಳುವುದು ಜನಹಿತಕ್ಕೆ ಬೇಕಾಗಿದ್ದರೆ ಅದು ಅಪರಾಧವಲ್ಲ. ಸಾರ್ವಜನಿಕ ವಿಷಯದಲ್ಲಿ ಒಬ್ಬರ ನಡವಳಿಕೆಯ ಬಗ್ಗೆ ಸದ್ಭಾವನೆಯಿಂದ ಕೊಟ್ಟ ಅಭಿಪ್ರಾಯಕ್ಕೂ ವಿನಾಯಿತಿ ಇದೆ. ಸದ್ಭಾವನೆ ಎಂದರೆ ಕಾನೂನಿನಲ್ಲಿ ಸರಿಯಾದ ಎಚ್ಚರ ಮತ್ತು ಗಮನ ವಹಿಸಿರಬೇಕು. ಐತೀರ್ಪಿನ ನಕಲನ್ನೂ ತೆಗೆಸದೆ, ಮಠಕ್ಕೆ ಒಂದು ಪತ್ರವನ್ನೂ ಬರೆಯದೆ ನೇರವಾಗಿ ಮೊಬೈಲ್ ಹಿಡಿದವನು ಎಚ್ಚರ ವಹಿಸಿದ್ದಾನೆ ಎನ್ನುವುದು ಕಷ್ಟ. ಹೇಳಿದ್ದರ ಕೊನೆಗೆ ‘ಅಂತೆ’ ಸೇರಿಸಿದರೂ ಪಾರಾಗುವುದಿಲ್ಲ. ಕೇಳಿದ ಗಾಳಿಮಾತನ್ನು ಮುಂದಕ್ಕೆ ದಾಟಿಸುವುದೂ ಮಾನಹಾನಿಯೇ. ಈ ಮಾತು ನಿಮ್ಮ ಹುಡುಗರಿಗೂ ಅನ್ವಯಿಸುತ್ತದೆ. ‘ಅವನು ಇಸ್ಪೀಟು ಆಡಿ ಹೊಲ ಕಳೆದವನು, ಇನ್ನೊಂದು ಮಠದವರಿಂದ ದುಡ್ಡು ತಿಂದು ಮಾತಾಡುತ್ತಿದ್ದಾನೆ’ ಎಂದು ಈಗಾಗಲೇ ಯಾರಾದರೂ ಹರಿಬಿಟ್ಟಿದ್ದರೆ ಅಳಿಸಿ ಹಾಕಿಸಿ. ಅವನ ಜಾತಿ, ಅವನ ಮನೆಯ ಹೆಣ್ಣುಮಕ್ಕಳು, ಅವನ ಅಪ್ಪನ ಸಾಲ ಇವು ಯಾವುವೂ ನಿಮ್ಮ ಬಾಯಲ್ಲಿ ಬರಕೂಡದು. ಆಧಾರವಿಲ್ಲದ ಆರೋಪಕ್ಕೆ ಆಧಾರವಿಲ್ಲದ ಪ್ರತ್ಯಾರೋಪ ಮಾಡಿದರೆ ನೀವಿಬ್ಬರೂ ಒಂದೇ ಕಟಕಟೆಯವರಾಗುತ್ತೀರಿ.

ಎಫ್‌ಐಆರ್ ಆಗಲೇಬೇಕೆಂಬ ಹಟದಲ್ಲಿ ಕೆಲವರು ಎರಡು ಅಡ್ಡದಾರಿ ತೋರಿಸುತ್ತಾರೆ. ಒಂದು, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ. ಅದನ್ನು ಸರ್ವೋಚ್ಚ ನ್ಯಾಯಾಲಯ 2015ರಲ್ಲಿಯೇ ರದ್ದು ಮಾಡಿದೆ. ಈಗಲೂ ಅದರ ಹೆಸರು ಹೇಳುವ ಸಲಹೆಗಾರರನ್ನು ದೂರವಿಡಿ. ಇನ್ನೊಂದು, ಧಾರ್ಮಿಕ ಭಾವನೆಗೆ ಧಕ್ಕೆ ಎಂಬ ನ್ಯಾಯ ಸಂಹಿತೆಯ 299ನೇ ಕಲಂ. ಅದು ಸಂಜ್ಞೇಯ ಅಪರಾಧವಾದ್ದರಿಂದ ಎಲ್ಲರಿಗೂ ಅದರ ಮೇಲೆ ಕಣ್ಣು. ಆದರೆ ಒಂದು ವರ್ಗದ ಧರ್ಮವನ್ನೋ ನಂಬಿಕೆಯನ್ನೋ ಬೇಕೆಂದೇ, ದ್ವೇಷದಿಂದ ಅವಮಾನಿಸಿದಾಗ ಮಾತ್ರ ಅದು ಅನ್ವಯಿಸುತ್ತದೆ. ಲೆಕ್ಕ ಎಲ್ಲಿ ಎಂದು ಕೇಳುವುದು ಧರ್ಮನಿಂದನೆಯಲ್ಲ. ಪರಿಹಾರದ ಹಣದ ಜಗಳಕ್ಕೆ ಈ ಕಲಂ ತಂದರೆ, ಮಠದವರು ಲೆಕ್ಕ ಕೊಡಲಾಗದೆ ಧರ್ಮವನ್ನು ಅಡ್ಡ ಹಿಡಿದರು ಎಂದು ಜನ ಆಡಿಕೊಳ್ಳುತ್ತಾರೆ. ಹಾಗೆ ಆಡಿಕೊಂಡರೆ ನಾನು ಜನರನ್ನು ದೂರುವುದಿಲ್ಲ.

ಪೊಲೀಸರ ಬಳಿ ನಿಜವಾಗಿ ಹೋಗಬೇಕಾದ ಸಂದರ್ಭ ಒಂದಿದೆ. ‘ಇಷ್ಟು ಕೊಟ್ಟರೆ ವಿಡಿಯೊ ತೆಗೆಯುತ್ತೇನೆ’ ಎಂದು ಅವನೋ ಅವನ ಪರವಾಗಿ ಯಾರೋ ಕೇಳಿದ್ದರೆ ಅದು ಸುಲಿಗೆಯ ಮಾತು, ಅದೇ ಸಂಹಿತೆಯ 308ನೇ ಕಲಮಿಗೆ ಬರುತ್ತದೆ. ಆಗ ತಡಮಾಡದೆ ದೂರು ಕೊಡಿ. ಸಮಾಧಾನಕ್ಕೆಂದು ಒಂದು ರೂಪಾಯಿಯನ್ನೂ ಕೊಡಬೇಡಿ.

ಸಿವಿಲ್ ದಾವೆಯೂ ಒಂದು ದಾರಿ. ತಡೆಯಾಜ್ಞೆ ಕೇಳಬಹುದು, ನಷ್ಟ ಪರಿಹಾರ ಕೇಳಬಹುದು. ಆದರೆ ಕೋಟಿ ರೂಪಾಯಿ ಕೇಳಿದರೆ ಅದಕ್ಕೆ ತಕ್ಕ ಕೋರ್ಟ್ ಶುಲ್ಕ ಕಟ್ಟಬೇಕು ಎಂಬುದನ್ನು ಕೋಟಿಯ ಸುದ್ದಿಗೋಷ್ಠಿ ಮಾಡುವವರು ಹೇಳುವುದಿಲ್ಲ. ವಿಚಾರಣೆಗೆ ಮೊದಲೇ ಎಲ್ಲ ವಿಡಿಯೊ ತೆಗೆಸುವ ಏಕಪಕ್ಷೀಯ ಆದೇಶವನ್ನು ಸಲೀಸಾಗಿ ಕೊಡಬಾರದೆಂದು ಸುದ್ದಿಸಂಸ್ಥೆಯೊಂದರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2024ರ ಮಾರ್ಚಿನಲ್ಲಿ ಎಚ್ಚರಿಸಿದೆ. ನನ್ನನ್ನು ಕೇಳಿದರೆ ಅದು ಸರಿಯೇ. ವಿಡಿಯೊ ಹಾಕಿದ ಜಾಲತಾಣಕ್ಕೆ 2021ರ ನಿಯಮಗಳ ಪ್ರಕಾರ ದೂರು ಅಧಿಕಾರಿ ಇರಲೇಬೇಕು. ಅಲ್ಲಿಗೆ ಒಂದು ದೂರು ಕಳಿಸಿಡಿ, ಖರ್ಚಿಲ್ಲ.

ಹಾಗಾದರೆ ಕ್ರಮ ಹೇಗೆ? ವಿಡಿಯೊಗಳನ್ನು ಉಳಿಸಿಕೊಳ್ಳಿ. ಕೊಂಡಿ, ದಿನಾಂಕ, ಹಾಕಿದ ಖಾತೆಯ ಹೆಸರು ಬರೆದಿಡಿ. ಮೊದಲು ಬಂದ ಮೊಬೈಲನ್ನು ಮಾರಬೇಡಿ, ಅಳಿಸಬೇಡಿ, ಏಕೆಂದರೆ ವಿಡಿಯೊದಂಥ ವಿದ್ಯುನ್ಮಾನ ಸಾಕ್ಷ್ಯದ ಜೊತೆ ಕೊಡಬೇಕಾದ, ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರಕ್ಕೆ ಅದು ಬೇಕಾಗುತ್ತದೆ. ಆಮೇಲೆ ಕಾಗದ ಸೇರಿಸಿ. ಕಾಗದ ಸೇರಿದ ಮೇಲೆ ಒಂದು ಸೋಮವಾರ ಮಠದ ಪಡಸಾಲೆಯಲ್ಲಿ ಊರು ಕೂಡಿಸಿ ಲೆಕ್ಕ ಓದಿ. ಆ ಯುವಕನಿಗೂ ಲಿಖಿತವಾಗಿ ಕರೆ ಕಳಿಸಿ, ಬಂದರೆ ಮುಂದೆ ಕೂರಿಸಿ. ಓದುವಾಗ ಭಾಷಣ ಬೇಡ. ‘ಸರ್ವೆ ನಂಬರ್ ಇಂತಿಷ್ಟರ ಪರಿಹಾರ ಇಷ್ಟು, ಇಂಥ ದಿನ ಮಠದ ಇಂಥ ಖಾತೆಗೆ ಬಂದಿದೆ, ಇಂತಿಂಥದ್ದಕ್ಕೆ ಖರ್ಚಾಗಿದೆ, ಉಳಿದದ್ದು ಠೇವಣಿಯಲ್ಲಿದೆ, ಕಾಗದ ಇಲ್ಲಿವೆ, ಬೇಕಾದವರು ನೋಡಬಹುದು.’ ಅಷ್ಟು ಸಾಕು. ಅದನ್ನೇ ನೋಟಿಸ್ ಫಲಕಕ್ಕೆ ಅಂಟಿಸಿ, ಅದರದೇ ಒಂದು ವಿಡಿಯೊ ಮಾಡಿ ಒಮ್ಮೆ ಹಾಕಿ, ಮತ್ತೆ ಮತ್ತೆ ಉತ್ತರ ಕೊಡುತ್ತ ಕೂರಬೇಡಿ. ಆಮೇಲೂ ಅವನು ಅದೇ ಮಾತಾಡಿದರೆ ವಕೀಲರ ನೋಟಿಸು ಹೋಗಲಿ: ಆಧಾರ ಕೊಡು, ಇಲ್ಲವೇ ಹಿಂತೆಗೆದುಕೊ. ನಿಜವಾಗಿಯೂ ಸಂಶಯವಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ ಹಿತಾಸಕ್ತಿಯುಳ್ಳ ಇಬ್ಬರು ಸೇರಿ, ನ್ಯಾಯಾಲಯದ ಅನುಮತಿ ಪಡೆದು ಸಾರ್ವಜನಿಕ ಟ್ರಸ್ಟಿನ ಲೆಕ್ಕ ಕೇಳಬಹುದು ಎಂಬುದನ್ನೂ ಅದೇ ನೋಟಿಸಿನಲ್ಲಿ ಬರೆಸಿ. ಅವನಿಗೆ ನೇರ ದಾರಿ ತೋರಿಸಿದ ಮಠದ ಮೇಲೆ, ಮುಚ್ಚಿಟ್ಟಿದೆ ಎಂಬ ಮಾತು ಅಂಟುವುದಿಲ್ಲ.

ಕಾಗದ ತೆಗೆದಾಗ ತಮ್ಮನ ಮಗನ ಹೆಸರೇ ಬಂದರೆ? ಆಗ ಅಜ್ಜನವರನ್ನು ಒಬ್ಬರೇ ಕಂಡು ಕೇಳಿ. ಕಾರಣವಿದ್ದರೆ ಅದನ್ನೂ ಊರಿನ ಮುಂದೆ ಇಡಿ, ಹಣ ಮಠಕ್ಕೆ ಮರಳಬೇಕಾದದ್ದಾದರೆ ಮರಳಿಸಿ. ಮೂವತ್ತು ವರ್ಷ ಪಾಠ ಹೇಳಿದ ನೀವು ಆ ಒಂದು ಸಂಜೆಯನ್ನು ತಪ್ಪಿಸಿಕೊಳ್ಳಬಾರದು.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಸಂಗತಿಯನ್ನೂ ಸೇರಿಸುತ್ತೇನೆ, ಏಕೆಂದರೆ ಇದನ್ನು ಓದುವ ಬೇರೆ ಊರಿನ ಕಮಿಟಿಯವರೂ ಇರುತ್ತಾರೆ. ಆರೋಪ ಹಣದ್ದಲ್ಲದೆ, ವಸತಿ ನಿಲಯದ ಮಗುವಿನದೋ ಮಹಿಳೆಯದೋ ದೇಹಕ್ಕೆ ಸಂಬಂಧಿಸಿದ್ದಾದರೆ ಮೇಲೆ ಹೇಳಿದ ಸಭೆ, ಫಲಕ, ವಿಡಿಯೊ ಯಾವುವೂ ಅಲ್ಲಿಗೆ ಸಲ್ಲುವುದಿಲ್ಲ. ಮಗುವಿನ ಮೇಲಿನ ಲೈಂಗಿಕ ಅಪರಾಧದ ಸುಳಿವು ಸಿಕ್ಕ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಹೇಳುತ್ತದೆ. ತಿಳಿಸದಿದ್ದರೆ ಶಿಕ್ಷೆ ಇದೆ. ಕಮಿಟಿ ಒಳಗೊಳಗೇ ವಿಚಾರಣೆ ಮಾಡುವಂತಿಲ್ಲ, ಮಗುವಿನ ಗುರುತು ಹೊರಬೀಳುವಂತಿಲ್ಲ, ಆ ಮನೆಯವರ ಜೊತೆ ‘ಮಾತಾಡಿ’ ಬರುವಂತಿಲ್ಲ. ‘ಮೂವತ್ತು ವರ್ಷದಿಂದ ನೋಡಿದ್ದೇವೆ, ನಮ್ಮ ಗುರುಗಳು ಅಂಥವರಲ್ಲ’ ಎಂಬ ಮಾತಿಗೆ ಅಲ್ಲಿ ಸಾಕ್ಷಿಯ ಬೆಲೆ ಇಲ್ಲ. ಮುಚ್ಚಿದ ಕೋಣೆಯಲ್ಲಿ ಏನಾಯಿತು ಎಂದು ಭಜನೆಗೆ ಬರುವವರು ನೋಡಿರುವುದಿಲ್ಲ. ಗುರುಗಳಿಗೆ ಒಳ್ಳೆಯ ವಕೀಲರನ್ನು ಇಡಬಹುದು, ನ್ಯಾಯಾಲಯದಲ್ಲಿ ಅವರು ತಮ್ಮ ಮಾತು ಹೇಳಬಹುದು. ತೀರ್ಪು ಬರುವವರೆಗೆ ಅವರು ಅಪರಾಧಿಯಲ್ಲ, ದೂರು ಕೊಟ್ಟವರೂ ಸುಳ್ಳುಗಾರರಲ್ಲ. ಮೆರವಣಿಗೆ ಬೇಡವೇ ಬೇಡ.

ಕೊನೆಯದಾಗಿ ಅವಧಿಯ ಲೆಕ್ಕ. ಕ್ರಿಮಿನಲ್ ದೂರಿಗೆ ಮೂರು ವರ್ಷ ಸಮಯವಿದೆ. ಸಿವಿಲ್ ದಾವೆಗೆ ಪ್ರಕಟವಾದ ದಿನದಿಂದ ಒಂದೇ ವರ್ಷ, ಅದರಲ್ಲಿ ಎರಡು ತಿಂಗಳು ಆಗಲೇ ಹೋಗಿದೆ. ಆದ್ದರಿಂದ ಮೊದಲ ವಿಡಿಯೊ ಬಂದ ದಿನಾಂಕವನ್ನು ಊಹೆಯಿಂದ ಬರೆಯಬೇಡಿ, ಮೊಬೈಲಿನಲ್ಲಿ ನೋಡಿ ಬರೆಯಿರಿ. ಐತೀರ್ಪಿನ ನಕಲಿಗೆ ನಾಳೆಯೇ ಅರ್ಜಿ ಹಾಕಿ. ಹಳೆಯ ಕಡತ ಹುಡುಕಲು ಕಚೇರಿಯವರಿಗೆ ಸಮಯ ಬೇಕಾಗುತ್ತದೆ. ಅರ್ಜಿಯಲ್ಲಿ ಸರ್ವೆ ನಂಬರಿನ ಜೊತೆ ಊರಿನ ಹಳೆಯ ಹೆಸರು, ಪುನರ್ವಸತಿ ಕೇಂದ್ರದ ಹೆಸರು ಎರಡನ್ನೂ ಬರೆಯಿರಿ.